ಬಿಲ್ಕೀಸಳ ಪಾಲಿನ ಗೋಧಿ

ನಮ್ಮನೆಯೊಳಗೆ ಉರ್ದು, ಬೀದಿಯಲ್ಲಿ ಕನ್ನಡ. ಜಗಳಕ್ಕಂತೂ ಕನ್ನಡವೇ ವಾಸಿ, ಅದಕ್ಕೇ ಇದನ್ನೂ ಕನ್ನಡದಲ್ಲೇ ಹೇಳುತ್ತೇನೆ. ನನ್ನ ಹೆಸರು ಶರೀಫುನ್ನೀಸಾ. ಹುಟ್ಟಿದ್ದು ಕುಣಿಗಲ್ಲು, ಸೇರಿದ್ದು ತುಮಕೂರು. ನಮ್ಮ ಯಜಮಾನರು ಅಹಮದ್ ಪಾಷಾ ಅವರದು ಶಿರಾ ಗೇಟಿನಲ್ಲಿ ಗುಜರಿ ಅಂಗಡಿ. ಊರಿನ ತುಕ್ಕು ತಗಡು, ಮುರುಕು ಕಬ್ಬಿಣ, ತೂತು ಬಕೆಟ್ಟು ಎಲ್ಲವೂ ಬಂದು ಅವರ ಅಂಗಳಕ್ಕೆ ಬೀಳುತ್ತಿತ್ತು. ಮನುಷ್ಯ ಒಳ್ಳೆಯವರೇ, ಆದರೆ ಬಾಯಿಗೆ ಬೀಗ. ಏನು ಕೇಳಿದರೂ ‘ಹೂಂ’. ಇಂಥವರ ಜೊತೆ ಸಂಸಾರ ಮಾಡುವುದಕ್ಕಿಂತ ಗೋಡೆ ಜೊತೆ ಮಾಡಬಹುದು, ಅದಕ್ಕೆ ವರ್ಷಕ್ಕೊಂದು ಸಲ ಸುಣ್ಣವಾದರೂ ಬಳಿಯಬಹುದು.

ಮದುವೆಯಾದ ವರ್ಷದ ರಂಜಾನ್ ಹಬ್ಬದಲ್ಲೇ ನನ್ನ ತಲೆ ಕೆಟ್ಟಿತು. ಹಬ್ಬದ ನಮಾಜಿಗೆ ಹೋಗುವ ಮೊದಲು ಬಡವರಿಗೆ ಫಿತ್ರಾ ಅಂತ ಧಾನ್ಯ ಕೊಡುವುದು ನಮ್ಮಲ್ಲಿ ಕಟ್ಟಳೆ. ಮನೆಯಲ್ಲಿ ಬದುಕಿರುವ ಒಬ್ಬೊಬ್ಬರ ತಲೆಗೂ ಒಂದೊಂದು ಅಳತೆ, ತೊಟ್ಟಿಲಲ್ಲಿರುವ ಕೂಸನ್ನೂ ಬಿಡುವಂತಿಲ್ಲ. ಸತ್ತವರಿಗೆ ಫಿತ್ರಾ ಇಲ್ಲ, ಅವರಿಗೆ ಫಾತೆಹಾ. ಅಡುಗೆ ಮಾಡಿ ಮುಂದಿಟ್ಟು, ಸತ್ತವರ ಹೆಸರು ಹೇಳಿ ಓದಿಸಿ, ಆಮೇಲೆ ಆ ಅಡುಗೆಯನ್ನು ಮನೆಯವರೇ ಕೂತು ಉಣ್ಣಬೇಕು. ಇದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತಿರುವ ಲೆಕ್ಕ.

ಆಗ ಮನೆಯಲ್ಲಿದ್ದದ್ದು ನಾನು, ಅವರು. ಅವರು ಗೋಧಿ ಮೂಟೆ ಬಿಚ್ಚಿ, ಅಂಗಡಿಯಿಂದ ತಂದ ತಗಡಿನ ಡಬ್ಬದಲ್ಲಿ ಅಳೆದರು. ಒಂದು ಅವರಿಗೆ, ಒಂದು ನನಗೆ. ಆಮೇಲೆ ಇನ್ನೊಂದು ಡಬ್ಬ ತುಂಬಿ ಮಗುಚಿದರು.

“ಇದ್ಯಾರಿಗೆ ರೀ?” ಅಂದೆ.

“ಹೂಂ,” ಅಂದರು.

ಹೊಸ ಮದುಮಗಳು ನೋಡಿ, ಹುಟ್ಟಲಿರುವ ಕೂಸಿಗೆ ಈಗಲೇ ಕೊಡುತ್ತಿದ್ದಾರೆ ಅಂದುಕೊಂಡು ನಾಚಿಕೊಂಡೆ. ಮುಂದಿನ ವರ್ಷ ಮಗ ಜುಲ್ಫಿಕರ್ ಹುಟ್ಟಿದ. ಆಗಲೂ ಒಂದು ಡಬ್ಬ ಹೆಚ್ಚು. ಅದರ ಮುಂದಿನ ವರ್ಷವೂ ಹೆಚ್ಚು. ನಾಚಿಕೆ ಹೋಗಿ ಅನುಮಾನ ಬಂತು. ಗುಜರಿ ತರುತ್ತೇನೆ ಅಂತ ವಾರ ವಾರ ಗುಬ್ಬಿಗೆ ಹೋಗುತ್ತಿದ್ದರಲ್ಲ, ಅಲ್ಲೊಂದು ಸಂಸಾರ ಇಟ್ಟಿದ್ದಾರೆ, ಆ ಸವತಿಯ ತಲೆಗೆ ಈ ಗೋಧಿ ಅಂತ ತೀರ್ಮಾನ ಮಾಡಿದೆ. ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ, ಗುಬ್ಬಿಯಲ್ಲಿದ್ದ ಅವರ ಚಾಚಿಯ ಮನೆ ಬಾಗಿಲಲ್ಲಿ ಇಳಿದೆ. ಚಾಚಿ ಅಂದರೆ ಅವರ ಚಿಕ್ಕಪ್ಪನ ಹೆಂಡತಿ, ಅವರನ್ನು ಸಾಕಿದಾಕೆ.

“ಎಲ್ಲಿಟ್ಟಿದಾರೆ ಅವ್ಳನ್ನ, ತೋರ್ಸಿ! ಜುಟ್ಟು ಹಿಡ್ಕೊಂಡು ಮಾತಾಡಿಸ್ತೀನಿ!”

ಚಾಚಿ ಮೊದಲು ನಕ್ಕರು. ಡಬ್ಬದ ವಿಷಯ ಹೇಳಿದ ಮೇಲೆ ನಗು ನಿಂತಿತು, ಸೆರಗು ಕಣ್ಣಿಗೆ ಹೋಯಿತು.

“ಅದು ಬಿಲ್ಕೀಸ್ ಕಣಮ್ಮ. ಅವನ ತಂಗಿ.”

ಅವರಪ್ಪ ದರ್ಜಿ ಕೆಲಸಕ್ಕೆ ಅಂತ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಲಾಯಾಕ್ಕೆ ಹೋಗಿದ್ದರಂತೆ. ಯುದ್ಧ ಬಂತು, ಜಪಾನಿನವರು ಬಂದರು. ಇವರನ್ನೆಲ್ಲ ರೈಲಿಗೆ ತುಂಬಿ ಎಲ್ಲೋ ಕಾಡಿನೊಳಗಿನ ಕ್ಯಾಂಪಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಮದರಾಸಿನಲ್ಲಿ ಹಡಗಿನಿಂದ ಇಳಿದದ್ದು ಕಡ್ಡಿಯಂಥ ಒಬ್ಬ ಹುಡುಗ ಮಾತ್ರ.

“ಅಪ್ಪ ಎಲ್ಲೋ ಅಂದ್ರೆ ಸತ್ರು ಅಂತಾನೆ. ಅಮ್ಮ ಅಂದ್ರೆ ಸತ್ಲು ಅಂತಾನೆ. ಬಿಲ್ಕೀಸ್ ಎಲ್ಲೋ ಅಂದ್ರೆ, ‘ಇದಾಳೆ’ ಅಂತಾನೆ. ಅಷ್ಟೇ. ಇನ್ನೊಂದು ಮಾತು ಇಲ್ಲ. ಐದು ವರ್ಷದ ಮಗು ಕಣೇ ಅದು.”

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ. ಸವತಿ ಇಲ್ಲ ಅನ್ನುವ ಸಮಾಧಾನಕ್ಕೋ, ಆ ಮಗುವಿಗೋ, ನನಗೇ ಗೊತ್ತಾಗಲಿಲ್ಲ.

ಹಾಗಂತ ಜಗಳ ನಿಲ್ಲಲಿಲ್ಲ, ವಿಷಯ ಬದಲಾಯಿತು ಅಷ್ಟೇ. ಪ್ರತಿ ಹಬ್ಬಕ್ಕೂ ನಾನು ಅದೇ ಹೇಳುವುದು: “ಸತ್ತೋರಿಗೆ ಫಿತ್ರಾ ಕೊಡ್ತೀರ, ಫಾತೆಹಾ ಮಾತ್ರ ಮಾಡ್ಸಲ್ಲ. ಆ ಮಗೂನ ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ ಮಾಡಿದೀರಲ್ರೀ!” ಅವರು ಎದ್ದು ಅಂಗಡಿಗೆ ಹೋಗುವುದು.

ನನ್ನ ಸಂಕಟ ಏನು ಅಂತಲೂ ಹೇಳಬೇಕು. ರಂಜಾನಿಗೆ ಹದಿನೈದು ದಿನ ಮೊದಲು ಬರುವ ಷಬೆಬರಾತ್ ಸಂಜೆ ಮನೆಯಲ್ಲಿ ತೀರಿಕೊಂಡವರ ಜೀವಗಳು ಬಾಗಿಲಿಗೆ ಬರುತ್ತವೆ ಅಂತ ನಮ್ಮಮ್ಮ ಹೇಳುತ್ತಿದ್ದಳು. ಹೆಸರು ಹಿಡಿದು ಫಾತೆಹಾ ಓದಿಸಿದರೆ ಹೊಟ್ಟೆ ತುಂಬಿಸಿಕೊಂಡು ಹೋಗುತ್ತವೆ. ಓದಿಸದಿದ್ದರೆ? “ನಿಂತೇ ಇರ್ತವೆ,” ಅನ್ನುತ್ತಿದ್ದಳು. ಹಜರತ್ ಅವರು, ಅಂದರೆ ನಮ್ಮ ಮಸೀದಿಯಲ್ಲಿ ಓದಿಸುವವರು, ಬಂದು ಕೂತು ಮಾವನ ಹೆಸರು, ಅತ್ತೆಯ ಹೆಸರು ಓದುವಾಗ ನಮ್ಮ ಯಜಮಾನರು ಹೊರಗೆ ಜಗಲಿಯಲ್ಲಿ ಬೀದಿ ನೋಡುತ್ತಾ ಕೂತಿರುತ್ತಿದ್ದರು. ನಾನು ಒಳಗಿನಿಂದ ಬಾಗಿಲ ಪರದೆ ನೋಡುತ್ತಿದ್ದೆ. ಪರದೆಯ ಕೆಳಗೆ ಎರಡು ಪುಟ್ಟ ಪಾದ ಕಂಡಂತಾಗುತ್ತಿತ್ತು. ಕಂಡೆ ಅಂತ ಹೇಳುವುದಿಲ್ಲ, ಕಾಣಲಿಲ್ಲ ಅಂತ ಆಣೆ ಇಡಲೂ ಆರೆ. ಎದ್ದು ಹೋಗಿ ಪರದೆ ಸರಿಸುವ ಧೈರ್ಯ ಮಾತ್ರ ಒಂದು ವರ್ಷವೂ ಬರಲಿಲ್ಲ.

ಇನ್ನೊಂದು ಅಭ್ಯಾಸ ಇತ್ತು ಅವರಿಗೆ. ಏನೇ ಉಂಡರೂ ಕೊನೆಯ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ ಬಿಟ್ಟು ಏಳುತ್ತಿದ್ದರು. ಅನ್ನ ಚೆಲ್ಲಬಾರದು ಅಂತ ನಾನು ಬೈದು ಬೈದು ಸುಸ್ತಾಗಿ, ಆ ತುತ್ತನ್ನು ಬೆಕ್ಕಿಗೆ ಹಾಕುತ್ತಿದ್ದೆ.

ಹೀಗೇ ವಯಸ್ಸಾಯಿತು. ಮಗನಿಗೆ ಮದುವೆಯಾಗಿ ಸೊಸೆ ಫಾಯಿಜಾ ಬಂದಳು, ಮೊಮ್ಮಗಳು ಅಸ್ಫಿಯಾ ಹುಟ್ಟಿದಳು, ಸದಾಶಿವನಗರದಲ್ಲಿ ಸ್ವಂತ ಮನೆಯಾಯಿತು. ನಾವು ಐದು ಜನ, ಗೋಧಿ ಆರು ಡಬ್ಬ.

ತೊಂಬತ್ತೆಂಟನೇ ಇಸವಿ, ದೀಪಾವಳಿ ಕಳೆದಿತ್ತು. ಊಟದ ಕ್ಯಾರಿಯರ್ ತಗೊಂಡು ಅಂಗಡಿಗೆ ಹೋಗಿದ್ದೆ. ಕುಣಿಗಲ್ಲಿನ ಚನ್ನೇಶ ಜೀಪಿನಲ್ಲಿ ಬಂದಿಳಿದ. ಸಿನಿಮಾದವರಿಗೆ ಸಾಮಾನು, ಜನ ಒದಗಿಸುವ ಏಜೆಂಟು ಅವನು.

“ಪಾಷಾ ಸಾಹೇಬ್ರೇ, ಹುತ್ರಿದುರ್ಗದ ಬುಡದಲ್ಲಿ ದೊಡ್ಡ ಪಿಚ್ಚರ್ ಶೂಟಿಂಗು! ಯುದ್ಧದ ಕಥೆ. ಜಪಾನಿನೋರ ಕ್ಯಾಂಪಲ್ಲಿ ಒಂದು ಮಗು ಸಿಕ್ಕಾಕ್ಕೊಂಡು ಬದುಕಿ ಬರೋದು. ಕ್ಯಾಂಪ್ ಸೆಟ್ ಹಾಕ್ತಾವ್ರೆ. ಹಳೇ ತಗಡು, ಮುಳ್ಳುತಂತಿ ಎಷ್ಟಿದ್ರೂ ಕೊಡಿ.”

ನಾನು ಯಜಮಾನರ ಮುಖ ನೋಡಿದೆ. ತೂಕಕ್ಕೆ ಇಟ್ಟಿದ್ದ ಕಬ್ಬಿಣವನ್ನು ಕೆಳಗಿಟ್ಟರು.

“ತಗೊಂಡ್ ಹೋಗು,” ಅಂದರು. ಜನ್ಮದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ. ಲಾರಿ ತುಂಬಿ ಹೋಯಿತು.

ಆಮೇಲೊಂದು ಭಾನುವಾರ ತಾವಾಗಿಯೇ, “ಹುತ್ರಿದುರ್ಗಕ್ಕೆ ಹೋಗಿ ಬರೋಣ” ಅಂದರು. ಮದುವೆಯಾದಾಗಿನಿಂದ ನನ್ನನ್ನು ಒಂದು ಜಾತ್ರೆಗೂ ಕರೆದುಕೊಂಡು ಹೋಗದ ಮನುಷ್ಯ! ನಾನೊಂದು ದಡ್ಡಿ, ಖುಷಿಯಿಂದ ಹೊಸ ಬುರ್ಖಾ ಹಾಕಿಕೊಂಡೆ. ಅಸ್ಫಿಯಾಳೂ ಹಟ ಹಿಡಿದು ಜೊತೆಗೆ ಬಂದಳು. ಕುಣಿಗಲ್ಲಿನವರೆಗೆ ಬಸ್ಸು, ಅಲ್ಲಿಂದ ಚನ್ನೇಶನ ಜೀಪು.

ಬೆಟ್ಟದ ಬುಡದಲ್ಲಿ ಉದ್ದುದ್ದ ತಗಡಿನ ಷೆಡ್ಡುಗಳು, ಸುತ್ತಲೂ ಮುಳ್ಳುತಂತಿ. ಸುತ್ತಲ ಹಳ್ಳಿಯ ಜನಕ್ಕೆ ತಲೆ ಬೋಳಿಸಿ, ಹರಕು ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸಿದ್ದರು. ಅವರೋ ಕಡಲೆಕಾಯಿ ಬಿಡಿಸುತ್ತಾ ನಗಾಡುತ್ತಿದ್ದರು.

“ಏನ್ಲಾ ಚೌಡಪ್ಪ, ತಿಂಗ್ಳಿಂದ ಉಂಡಿಲ್ದೋನ್ ಥರಾ ನಿಂತ್ಕೊ ಅಂದ್ರೆ ಹೊಟ್ಟೆ ಮುಂದ್ಕೆ ಬುಡ್ತೀಯಲ್ಲೋ!”

ಅಂತ ಒಬ್ಬ ಪಕ್ಕದವನನ್ನು ರೇಗಿಸಿದ. ನನಗೂ ನಗು ಬಂತು. ಒಂದು ಷೆಡ್ಡಿನ ಸೂರಿನಲ್ಲಿ ಅರ್ಧ ಸೋಡಾ ಬಾಟಲಿಯ ಚಿತ್ರ ಇದ್ದ ತಗಡು ಕಂಡಿತು. ನಮ್ಮ ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದದ್ದೇ. ತೋರಿಸೋಣ ಅಂತ ತಿರುಗಿದರೆ ಯಜಮಾನರು ತಂತಿಯ ಉದ್ದಕ್ಕೂ ಕೈ ಆಡಿಸುತ್ತಾ ನಡೆಯುತ್ತಿದ್ದರು, ಮುಳ್ಳು ಚುಚ್ಚುವುದೂ ಗೊತ್ತಾಗದವರ ಹಾಗೆ. ಕರೆದೆ. ಬಂದು ಕ್ಯಾಮೆರಾದ ಹಿಂದೆ ನನ್ನ ಪಕ್ಕದಲ್ಲಿ ನಿಂತರು.

“ಈಗ ಹಾಜರಿ ಸೀನು,” ಅಂತ ಚನ್ನೇಶ ಪಿಸುಗುಟ್ಟಿದ. “ಗಾರ್ಡು ಹೆಸ್ರು ಕೂಗ್ತಾನೆ. ಸರಸಿ ಅಂದಾಗ ಯಾರೂ ಉಸಿರೆತ್ತಲ್ಲ. ತಂಗಿ ಸತ್ತಿದಾಳೆ ಅಂತ ಹುಡುಗನಿಗೆ ಆವಾಗ್ಲೇ ಗೊತ್ತಾಗೋದು. ಸದ್ದು ಮಾಡ್ಬೇಡಿ ಅಮ್ಮಾ.”

ಗಾರ್ಡು ವೇಷದವನು ಹೆಸರು ಕೂಗತೊಡಗಿದ. ಒಬ್ಬೊಬ್ಬರೂ ಓಗೊಟ್ಟರು. “ಸರಸಿ!” ಅಂದ. ಎಲ್ಲಾ ಗಪ್‌ಚುಪ್. ಬೆಟ್ಟದ ಮೇಲೆಲ್ಲೋ ಹದ್ದು ಕೂಗಿತು. “ಸರಸಿ!” ಅಂದ ಎರಡನೇ ಸಲ.

“ಹಾದಿರ್.”

ಹುಡುಗಿಯ ದನಿ. ಸಣ್ಣದು, ಜ್ವರ ಬಂದ ಮಗು ಮಾತಾಡುವಂಥದ್ದು. ನನ್ನ ಪಕ್ಕದಿಂದಲೇ ಬಂದಿತ್ತು. ಅಸ್ಫಿಯಾ ತುಂಟತನ ಮಾಡಿದಳು ಅಂತ ಬಗ್ಗಿ ಬಾಯಿ ಮುಚ್ಚಲು ಹೋದೆ. ಅವಳ ಬಾಯಿತುಂಬ ಬಿಸ್ಕತ್ತು, ಕಣ್ಣು ಅವಳ ಅಜ್ಜನ ಮುಖದ ಮೇಲೆ.

“ಹಾದಿರ್.”

ನರೆತ ಗಡ್ಡದ ನಡುವಿನಿಂದ, ನನ್ನ ಗಂಡನ ಬಾಯಿಂದ, ಆ ಹುಡುಗಿಯ ದನಿ ಬರುತ್ತಿತ್ತು. ಯಾ ಅಲ್ಲಾ! “ಕಟ್! ಯಾರ್ರೀ ಆ ಮಗು?” ಅಂತ ಸಿನಿಮಾದವರು ಕೂಗಾಡಿದರು, ಎಲ್ಲರೂ ನೆಲ ನೋಡಿ ಮಗು ಹುಡುಕಿದರು. ಅಸ್ಫಿಯಾ ಬಿಸ್ಕತ್ತು ನುಂಗಿ ಮೆಲ್ಲಗೆ ಕೇಳಿದಳು:

“ದಾದಾ, ಆ ಹುಡುಗಿ ಯಾರು?”

ತೋಳು ಹಿಡಿದು ಎಳೆದುಕೊಂಡು ಬಂದೆ. ಕುಣಿಗಲ್ಲಿನಲ್ಲಿ ಬಸ್ಸಿಗೆ ಹೊತ್ತಿತ್ತು. ಕೆರೆ ಏರಿಯ ಮೇಲೆ ಕೂತೆವು. ಅಸ್ಫಿಯಾ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಅಲ್ಲಿ ಅವರು ಬಾಯಿ ಬಿಟ್ಟರು, ನೀರು ನೋಡಿಕೊಂಡು.

“ಹಾದಿರ್ ಅಂದ್ರೆ ಇದೀನಿ ಅಂತ. ಮಲಾಯಾ ಭಾಷೆ. ಬೆಳಕು ಹರಿಯೋ ಮುಂಚೆ ಷೆಡ್ಡಿನ ಬಾಗ್ಲಲ್ಲಿ ನಿಂತು ಹೆಸರು ಕೂಗೋರು. ಒಳಗೆ ಕತ್ತಲೆ, ಮುಖ ಕಾಣಲ್ಲ. ಹಾದಿರ್ ಅಂದೋರಿಗೆ ಒಂದೊಂದು ಸೌಟು ಗಂಜಿ. ಅಪ್ಪ ಅಮ್ಮ ಆಗಲೇ ಹೋಗಿದ್ರು. ಬಿಲ್ಕೀಸಿಗೆ ಜ್ವರ. ಏಳೋಕ್ಕಾಗ್ತಿರ್ಲಿಲ್ಲ, ಮಾತು ಬರ್ತಿರ್ಲಿಲ್ಲ. ಅವಳ ಹೆಸರು ಬಂದಾಗ ಅವಳ ಥರಾನೇ ನಾನು ಹೇಳ್ತಿದ್ದೆ. ಅವಳ ಗಂಜಿ ಇಸ್ಕೊಂಡು ಅವಳಿಗೆ ಕುಡಿಸ್ತಿದ್ದೆ.”

“ಒಳ್ಳೇದೇ ಮಾಡಿದ್ರಲ್ಲ,” ಅಂದೆ.

“ಒಂದಿನ ಬೆಳಿಗ್ಗೆ ಮುಟ್ಟಿದ್ರೆ ತಣ್ಣಗಿದ್ಲು. ಅಷ್ಟರಲ್ಲಿ ಹೆಸರು ಕೂಗಿದ್ರು. ಹಾದಿರ್ ಅಂದೆ.”

“ಆಮೇಲೆ?”

“ಗಂಜಿ ಕೊಟ್ರು.”

“ಆಮೇಲೆ?”

“ತಿಂದೆ.”

ಕೆರೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು.

“ಮಾರನೇ ದಿನಾನೂ ಹಾದಿರ್ ಅಂದೆ. ಗೋಣಿ ಹೊದಿಸಿಟ್ಟಿದ್ದೆ. ಪಕ್ಕದೋರಿಗೆ ವಾಸನೆ ಬರೋವರೆಗೂ ಅಂದೆ. ಅವಳ ಪಾಲು ತಿಂದ್ಕೊಂಡೇ ನಾನು ಬದುಕಿದ್ದು ಶರೀಫಾ. ಫಾತೆಹಾ ಮಾಡ್ಸಿ, ಮಾಡ್ಸಿ ಅಂತೀಯ. ಆಮೇಲೆ ಅವಳ ಹೆಸರಿನ ಅನ್ನ ತಿನ್ನಿ ಅಂತೀಯ. ಇನ್ನೊಂದ್ಸಲ ತಿನ್ಲಾ?”

ನನ್ನ ಬಾಯಿಗೆ ಇಡೀ ಸದಾಶಿವನಗರ ಹೆದರುತ್ತದೆ. ಆವತ್ತು ಆ ಬಾಯಿಯ ಜಗಳ ಬಿಟ್ಟು ಅವರ ಕೈ ಹಿಡಿದೆ. ತಂತಿಯ ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಒಣಗಿತ್ತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ. ಷಬೆಬರಾತ್ ಹತ್ತಿರ ಬಂದಂತೆ ನನಗೆ ಆ ಪರದೆಯೇ ಕಣ್ಣಿಗೆ ಕಟ್ಟಿತು. ಒಂದು ಮಗು ಇಷ್ಟು ವರ್ಷ ಹಸಿದು ಬಾಗಿಲಲ್ಲಿ ನಿಲ್ಲುವುದು ಅಂದರೇನು? ಅವರನ್ನು ಕೂರಿಸಿ ಹೇಳಿದೆ: “ನೀವು ತಿನ್ಬೇಡಿ. ಹೆಸರೊಂದು ಹೇಳಿ ಸಾಕು. ಅವಳ ಅನ್ನ ನಾನು ತಿಂತೀನಿ. ಮಗು ನೆಮ್ಮದಿಯಾಗಿ ಹೋಗ್ಲಿ, ನಿಮ್ಗೂ ನೆಮ್ಮದಿ ಆಗ್ಲಿ.”

“ಹೂಂ,” ಅಂದರು.

ಆ ಸಂಜೆ ಮೊದಲ ಸಲ ಒಳಗೆ ಕೂತರು. ಹಜರತ್ ಅವರು ಯಾರ್ಯಾರ ಹೆಸರಿಗೆ ಅಂತ ಕೇಳಿದರು. ಅಪ್ಪನ ಹೆಸರು ಹೇಳಿದರು, ಅಮ್ಮನ ಹೆಸರು ಹೇಳಿದರು, ನಿಲ್ಲಿಸಿದರು. ಮತ್ತೆ ಆ ಸಣ್ಣ ದನಿ ಬಂದುಬಿಟ್ಟರೆ ಅಂತ ನಾನು ಹೆದರಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. “ಬಿಲ್ಕೀಸ್ ಬೀ,” ಅಂದರು, ತಮ್ಮದೇ ಗೊಗ್ಗರು ದನಿಯಲ್ಲಿ. ನಾನು ತಟ್ಟೆತುಂಬ ಅನ್ನ ಒಂದು ಅಗುಳೂ ಬಿಡದೆ ತಿಂದೆ, ಅಳುತ್ತಾ ತಿಂದೆ. ಆಮೇಲೆ ಧೈರ್ಯ ಮಾಡಿ ಪರದೆ ಸರಿಸಿದೆ. ಹೊಸಿಲ ಆಚೆ ಚಪ್ಪಲಿಗಳಿದ್ದವು, ಬೇರೇನೂ ಇರಲಿಲ್ಲ.

ಗೆದ್ದೆ ಅಂದುಕೊಂಡೆ. ರಂಜಾನ್ ಮುಗಿದು ಹಬ್ಬ ಬಂತು. ಗೋಧಿ ಮೂಟೆ ಬಿಚ್ಚಿದರು. ಅವರು, ನಾನು, ಮಗ, ಸೊಸೆ, ಅಸ್ಫಿಯಾ. ಐದು ಡಬ್ಬ ಮಗುಚಿ, ಕೈ ಕೊಡವಿ, ಮೂಟೆಯ ಬಾಯಿ ಕಟ್ಟಿದರು.

“ಇನ್ನೊಂದು?” ಅಂದೆ. ಅದಕ್ಕಾಗಿಯೇ ಜೀವಮಾನ ಜಗಳವಾಡಿದವಳು ನಾನೇ ಕೇಳಿದೆ.

“ಯಾರಿಗೆ?” ಅಂದರು.

ಆವತ್ತಿನಿಂದ ಕರಗತೊಡಗಿದರು. ತಟ್ಟೆಯ ಅಂಚಿನಲ್ಲಿ ತುತ್ತು ಬಿಡುವುದು ನಿಂತಿತು. ಬಿಡಲು ತಟ್ಟೆಯಲ್ಲಿ ಹಾಕಿಸಿಕೊಂಡರೆ ತಾನೇ? ಎರಡು ತುತ್ತು ಗಂಟಲಲ್ಲಿ ಇಳಿದರೆ ಹೆಚ್ಚು. ಡಾಕ್ಟರು ಏನೂ ಇಲ್ಲ ಅಂದರು. ಏನಿದೆ ಅಂತ ನನಗೆ ಗೊತ್ತಿತ್ತು. ಆ ಮಗುವನ್ನು ಅವರು ಒಂದು ಡಬ್ಬ ಗೋಧಿಯಲ್ಲಿ, ಒಂದು ತುತ್ತು ಅನ್ನದಲ್ಲಿ ಬದುಕಿಸಿಟ್ಟುಕೊಂಡಿದ್ದರು. ಅವರಿಂದಲೇ ಅವಳ ಹೆಸರು ಹೇಳಿಸಿ ಕೊಂದುಹಾಕಿದೆನಲ್ಲ ಅಂತ ಕೈ ಕೈ ಹಿಸುಕಿಕೊಂಡೆ. ಬಾಗಿಲ ಪರದೆ ಈಗ ಬರೀ ಪರದೆ. ಅದನ್ನು ನೋಡಿದರೆ ಮೊದಲಿಗಿಂತ ಹೆಚ್ಚು ಭಯವಾಗುತ್ತಿತ್ತು.

ಮರುವರ್ಷ ಆ ಸಿನಿಮಾ ತುಮಕೂರಿಗೆ ಬಂತು. ಶಿರಾ ಗೇಟಿನ ಗೋಡೆಯಲ್ಲಿ ಪೋಸ್ಟರು ಅಂಟಿಸಿದ್ದಾರೆ ಅಂತ ಮಗ ಹೇಳಿದ್ದೇ ತಡ, ಯಜಮಾನರು ಮಂಚದಿಂದ ತಾವೇ ಎದ್ದು ಅಂಗಿ ಹಾಕಿಕೊಂಡರು.

“ಮ್ಯಾಟ್ನಿಗೆ ಹೋಗೋಣ ಬಾ. ಅವಳ ದನಿ ಅದ್ರಲ್ಲಿರುತ್ತೆ. ಎರಡು ಸಲ ಹೇಳಿದ್ಲಲ್ಲ, ಮಿಷಿನ್‌ನಲ್ಲಿ ಸೇರಿರುತ್ತೆ.”

ನನಗೆ ಗೊತ್ತಿತ್ತು, ಇರುವುದಿಲ್ಲ. ಚನ್ನೇಶ ಯಾವಾಗಲೋ ಹೇಳಿದ್ದ, ಶೂಟಿಂಗಿನ ಜಾಗದ ಸದ್ದನ್ನೆಲ್ಲ ಬಿಸಾಕಿ ಆಮೇಲೆ ಬೇರೆ ಕಡೆ ಕೂತು ಮಾತು ತುಂಬುತ್ತಾರೆ ಅಂತ. ಆ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಆಟೋದಲ್ಲಿ ಹೋದೆವು.

ಕತ್ತಲಲ್ಲಿ ಅವರು ಕುರ್ಚಿಯ ತುದಿಗೆ ಕೂತಿದ್ದರು. ಅರ್ಧ ಸೋಡಾ ಬಾಟಲಿಯ ತಗಡು ಪರದೆಯ ಮೇಲೆ ಬಂತು. ಬೋಳು ತಲೆಯ ಜನ ಸಾಲಾಗಿ ನಿಂತರು. ಚೌಡಪ್ಪನೂ ಇದ್ದ, ಆದರೆ ಈಗ ಅವನನ್ನು ನೋಡಿದರೆ ನಗು ಬರಲಿಲ್ಲ. ಗಾರ್ಡು ಹೆಸರು ಕೂಗಿದ. ಒಬ್ಬೊಬ್ಬರೂ ಓಗೊಟ್ಟರು.

“ಸರಸಿ!”

ನಿಶ್ಶಬ್ದ. ಯಜಮಾನರು ಮುಂದಕ್ಕೆ ಬಾಗಿದರು.

“ಸರಸಿ!”

ಏನೂ ಇಲ್ಲ. ಹದ್ದಿನ ಕೂಗೂ ಇಲ್ಲ. ಯಜಮಾನರು ನನ್ನತ್ತ ತಿರುಗಿದರು, ಪರದೆಯತ್ತ ತಿರುಗಿದರು, ಬಾಯಿ ತೆರೆದರು. ಬರೀ ಉಸಿರು ಬಂತು. ಫಾತೆಹಾ ಓದಿಸಿಯಾಗಿತ್ತಲ್ಲ, ಇನ್ನು ಯಾವ ಬಾಯಲ್ಲಿ ಇದ್ದಾಳೆ ಅನ್ನುತ್ತಾರೆ? ಗಾರ್ಡು ಮುಂದಿನ ಹೆಸರಿಗೆ ಹೋಗುವವನಿದ್ದ.

ನಾನು ಎದ್ದು ನಿಂತೆ.

“ಹಾದಿರ್!” ಅಂತ ಕೂಗಿದೆ. ಮಗುವಿನ ದನಿ ಎಲ್ಲಿಂದ ತರಲಿ, ನನ್ನದೇ ಒಡಕು ಗಂಟಲು, ತರಕಾರಿಯವನನ್ನು ಬೀದಿ ತುದಿಯಿಂದ ನಿಲ್ಲಿಸುವ ಗಂಟಲು. “ಹಾದಿರ್! ಇದಾಳೆ!”

ಥಿಯೇಟರೆಲ್ಲ ಗೊಳ್ಳೆಂದಿತು. ಹಿಂದಿನಿಂದ ಒಬ್ಬ ಸೀಟಿ ಹೊಡೆದ. “ಏಯ್, ಕೂತ್ಕೊಳ್ಳಮ್ಮೋ!”

“ಮುಚ್ಕೊಂಡ್ ಪಿಚ್ಚರ್ ನೋಡ್ಲಾ!” ಅಂದೆ.

ಯಜಮಾನರು ಬುರ್ಖಾದ ತುದಿ ಹಿಡಿದು ಮೆಲ್ಲಗೆ ಎಳೆದು ಕೂರಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದರು. ದನಿ ಅವರದ್ದೇ, ಆದರೆ ಕೇಳಿದ್ದು ಆ ಷೆಡ್ಡಿನ ಹುಡುಗ.

“ಗಂಜಿ ಕೊಟ್ರಾ?”

“ಕೊಟ್ರು.”

“ಆಮೇಲೆ?”

“ಅವಳೇ ತಿಂದ್ಲು ರೀ,” ಅಂದೆ. “ಪೂರ್ತಿ ಅವಳೇ ತಿಂದ್ಲು.”

ಆ ಸಂಜೆ ಮನೆಯಲ್ಲಿ ಕೇಳಿ ಊಟ ಹಾಕಿಸಿಕೊಂಡರು. ಅನ್ನ ಸಾರು ಉಂಡು, ಕೊನೆಯ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದರು. ನಾನು ಬೈಯಲಿಲ್ಲ, ತಟ್ಟೆಯನ್ನೂ ಎತ್ತಲಿಲ್ಲ. ಬೆಳಿಗ್ಗೆ ನೋಡಿದರೆ ತುತ್ತು ಇರಲಿಲ್ಲ. ಬೆಕ್ಕು ತಿಂದಿರಬೇಕು, ನಮ್ಮ ಬೀದಿಯಲ್ಲಿ ಬೆಕ್ಕುಗಳು ಬಹಳ.